ತೊಟ್ಟಿನ ಚೂರು

"ಕಣ್ಣು ಮುಚ್ಚಿ ನಾಲಿಗಿ ಚಾಚ್ರಿ, ಸುಂಕಮ್ಮ," ಎಂದರು ಡಾಕ್ಟರು.

ಹತ್ತಿ ಸುತ್ತಿದ ಕಡ್ಡಿ ನಾಲಿಗೆಗೆ ತಣ್ಣಗೆ ತಾಗಿತು. ಕೊಟ್ಟೂರಿನ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಹನ್ನೊಂದು ವರ್ಷದಿಂದ ಅಡಿಗೆ ಮಾಡುತ್ತಿದ್ದ ಸುಂಕಮ್ಮ ಇದಕ್ಕೆ ತಯಾರಾಗಿಯೇ ಬಂದಿದ್ದಳು. ಅಡಿಗೆ ಇಳಿಸಿ, ಜ್ವರ ಬಂದು ಮಲಗಿದ್ದ ತೆಲಿಗಿ ಊರಿನ ಹುಡುಗಿ ಪಕ್ಕೀರಮ್ಮನಿಗೆ ಮೊದಲೇ ಊಟ ಕೊಟ್ಟು, ಜಗುಲಿಯ ಕಂಬಕ್ಕೆ ಒರಗಿ ಹುಡುಗಿಯರ ರುಚಿ ಪರೀಕ್ಷೆಯನ್ನೆಲ್ಲ ನೋಡಿದ್ದಳು. ಮೊದಲ ಸೀಸೆಗೆ ಎಲ್ಲರ ಮುಖ ಅರಳಿತ್ತು. ಎರಡನೆಯದಕ್ಕೆ ಉಪ್ಪು, ಮೂರನೆಯದಕ್ಕೆ ಹುಳಿ ಎಂದಿದ್ದರು. ನಾಲ್ಕನೆಯದಕ್ಕೆ ಥೂ ಎಂದು ಅಂಗಳಕ್ಕೆ ಓಡಿದ್ದರು. ಇಷ್ಟು ಸಾಕಿತ್ತು ಅವಳಿಗೆ.

"ಸಿಹಿ," ಎಂದಳು. ಆಮೇಲೆ "ಉಪ್ಪು," ಆಮೇಲೆ "ಹುಳಿ." ನಾಲ್ಕನೆಯದಕ್ಕೆ ಮುಖ ಕಿವುಚಿ, "ಅಯ್ಯಪ್ಪಾ, ಕಹಿ!" ಎಂದಳು.

ಡಾಕ್ಟರು ಏನನ್ನೂ ಬರೆದುಕೊಳ್ಳಲಿಲ್ಲ. ಕೋಗಳಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನರವಿಜ್ಞಾನಿಯಾಗಿದ್ದ ಡಾಕ್ಟರ್ ಜಂಬಣ್ಣ, ನಾಲಿಗೆಯ ಸುದ್ದಿ ಮೆದುಳಿಗೆ ಹೇಗೆ ಮುಟ್ಟುತ್ತದೆಂದು ಸಂಶೋಧನೆ ಮಾಡುತ್ತ, ತಮ್ಮ ಸೀಮೆಗೇ ಸೀಸೆಗಳನ್ನು ಹೊತ್ತು ಬಂದಿದ್ದರು.

"ನಾಲ್ಕನೇದು ಬರೇ ನೀರ್ರಿ," ಎಂದರು ಮೆಲ್ಲಗೆ. "ನೀವು ನೋಡಾಕತ್ತಿದ್ರಂತ ಸರದಿ ಬದಲಿ ಮಾಡಿ, ಕಹಿ ಮೊದಲಿಗೇ ಹಚ್ಚಿದ್ದೆ. ನೀವು ಸಿಹಿ ಅಂದ್ರಿ. ಯಾವಾಗಿಂದ ಹಿಂಗೈತಿ?"

ಸುಂಕಮ್ಮನಿಗೆ ಎರಡು ವರ್ಷದ ಹಿಂದೆ ಎರಡೂ ಕಿವಿ ಸೋರಿ ಜ್ವರ ಬಂದಿತ್ತು. ಕಿವಿ ವಾಸಿಯಾಯಿತು, ರುಚಿ ಹೋಯಿತು. ಅಂದಿನಿಂದ ಉಪ್ಪು ಖಾರ ಕೈಯಳತೆಯಲ್ಲಿ ಹಾಕುತ್ತಿದ್ದಳು. ಮೊದಲ ಪಂಕ್ತಿಯ ಮುಖಗಳನ್ನು ನೋಡಿ ಅಡಿಗೆ ಹೇಗಾಗಿದೆಯೆಂದು ತಿಳಿಯುತ್ತಿದ್ದಳು. ಯಾರಿಗೂ ಗುಮಾನಿ ಬಂದಿರಲಿಲ್ಲ.

"ಯಾರಿಗೂ ಅನ್ನಬ್ಯಾಡ್ರಿ ಡಾಕ್ಟ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಸೋಮವಾರ ನನ್ನ ಕೆಲಸ ಕಾಯಂ ಆಗೂದೈತಿ. ರುಚಿ ತಿಳೀದಾಕಿನ್ನ ಅಡಿಗಿಗೆ ಯಾರು ಇಟ್ಕಂತಾರ?"

"ನಿಮ್ಮ ಹೊಟ್ಟಿ ಮ್ಯಾಲೆ ಹೊಡಿಯಾಕ ಬಂದಿಲ್ಲವ್ವ ನಾನು. ಆದ್ರ ಸಿಹಿ ತಿಳೀಲಿಲ್ಲಂದ್ರ ನಡೀತೈತಿ, ಕಹಿ ತಿಳೀಲಿಲ್ಲಂದ್ರ ನಡಿಯಂಗಿಲ್ಲ. ವಿಷದ ಪದಾರ್ಥ ಬಹಳಷ್ಟು ಕಹೀನ ಇರ್ತಾವ. ಅದಕ್ಕ ನಾಲಿಗಿ ಕಾವಲು ಕಾಯ್ತೈತಿ." ಡಾಕ್ಟರು ಸೀಸೆಗಳ ಬಿರಡೆ ಹಾಕುತ್ತ ಕೇಳಿದರು, "ಇವತ್ತೇನು ಮಾಡೀರಿ?"

"ಸೋರಿಕಾಯಿ ಪಲ್ಯ."

ಅವರ ಕೈ ನಿಂತಿತು. "ತೊಟ್ಟಿನ ಚೂರು ಯಾರು ತಿಂದು ನೋಡಿದ್ರು?"

ಸೋರೆಕಾಯಿ ಒಮ್ಮೊಮ್ಮೆ ವಿಷದಂತೆ ಕಹಿಯಾಗಿರುತ್ತದೆಂದು ಗೊತ್ತಿಲ್ಲದ ಮನೆ ಈ ಸೀಮೆಯಲ್ಲಿಲ್ಲ. ಹೆಚ್ಚುವ ಮೊದಲು ತೊಟ್ಟಿನ ಕಡೆಯ ಚೂರು ಅಗಿದು ನೋಡಬೇಕು. ಒಲೆಯ ಮೇಲಿನದನ್ನು ರುಚಿ ನೋಡಿದರೆ ಎಂಜಲಾಗುತ್ತದೆ, ಹಾಗಾಗಿ ಆ ಚೂರೊಂದೇ ಪರೀಕ್ಷೆ. ಅಗಿಯುವುದು ಹಿರಿಯ ಅಡಿಗೆಯವಳ ಹಕ್ಕು. ಬೇರೆಯವರ ಕೈಗೆ ಕೊಟ್ಟರೆ ಯಾಕೆ ಎಂದು ಕೇಳುತ್ತಾರೆ. ಇಟ್ಟಿಗಿ ಊರಿನಿಂದ ಬಂದಿದ್ದ ಆರು ಕಾಯಿಗಳ ಆರು ಚೂರನ್ನೂ ಸುಂಕಮ್ಮ ಬೆಳಿಗ್ಗೆ ಅಗಿದಿದ್ದಳು. ಜತೆಯವಳಾದ ಮಾಳಮ್ಮನಿಗೆ "ಹೆಚ್ಚು" ಎಂದಿದ್ದಳು.

"ನಾನ ನೋಡೀನ್ರಿ," ಎಂದಳು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಸುಂಕಮ್ಮ ಓಡಿದಳು. ಪಲ್ಯ ಬಡಿಸಿಯಾಗಿತ್ತು, ನಲವತ್ತು ಹುಡುಗಿಯರು ತಟ್ಟೆ ಮುಂದಿಟ್ಟುಕೊಂಡು ಪ್ರಾರ್ಥನೆ ಹೇಳುತ್ತಿದ್ದರು.

"ಯಾರೂ ಬಾಯಾಗ ಇಡಬ್ಯಾಡ್ರಿ!"

"ಏನಾತ ಸುಂಕಮ್ಮ?" ಎಂದು ವಾರ್ಡನ್ ನಾಗಲಿಂಗಮ್ಮ ಎದ್ದು ನಿಂತರು.

ಕಾಯಂ ಆರ್ಡರು ಅವರ ಮೇಜಿನ ಮೇಲೇ ಇತ್ತು. ಸುಂಕಮ್ಮನ ಬಾಯಿ ತಾನಾಗಿಯೇ ಹೇಳಿತು: "ಹಲ್ಲಿ ಬಿದ್ದೈತ್ರಿ ಅಮ್ಮಾರ, ಪಲ್ಯದಾಗ."

"ಶಿವನೇ! ಎಲ್ಲಾ ಚೆಲ್ರಿ ಮೊದಲು. ಸದ್ಯ, ನೀ ನೋಡಿದ್ದು ಛಲೋ ಆತು."

ಮಕ್ಕಳೂ ಉಳಿದರು, ನೌಕರಿಯೂ ಉಳಿಯಿತು. ಸುಂಕಮ್ಮನಿಗೆ ಅಳು ಬರುವಷ್ಟು ಹಗುರಾಯಿತು. ಬುಟ್ಟಿಗೆ ಪಲ್ಯ ಸುರಿಯುತ್ತಿದ್ದ ಮಾಳಮ್ಮ ತಟಕ್ಕನೆ ತಲೆಯೆತ್ತಿದಳು.

"ಯಕ್ಕಾ, ಪಕ್ಕೀರವ್ವಗ ಆಗಲೇ ಕೊಟ್ಟಿಯಲ್ಲ?"

ಹನ್ನೊಂದು ಗಂಟೆಗೆ ಆ ಹುಡುಗಿ ತಟ್ಟೆ ದೂಡಿತ್ತು. "ಕಹಿ ಐತಿ ದೊಡ್ಡಮ್ಮ," ಎಂದಿತ್ತು. "ಜ್ವರದ ಬಾಯಿಗೆ ಎಲ್ಲಾ ಕಹೀನ. ತಟ್ಟಿ ಖಾಲಿ ಮಾಡು, ಆಮ್ಯಾಲೆ ಗುಳಿಗಿ," ಎಂದು ಗದರಿಸಿ ಬಂದವಳು ಸುಂಕಮ್ಮನೇ.

ಹಿಂದಿನ ಕೋಣೆಯಲ್ಲಿ ಪಕ್ಕೀರಮ್ಮ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು. ತುಟಿ ಬೆಳ್ಳಗಾಗಿತ್ತು. ಮಂಚದ ಪಕ್ಕದ ನೆಲವೆಲ್ಲ ವಾಂತಿ.

"ಪೂರಾ ತಿಂದೆ ದೊಡ್ಡಮ್ಮ," ಎಂದಳು. "ನೀ ಬೈತಿ ಅಂತ."

"ಡಾಕ್ಟ್ರೇ!" ಎಂದು ಸುಂಕಮ್ಮ ಕೂಗಿದ ಕೂಗಿಗೆ ಹಾಸ್ಟೆಲ್ಲೇ ನಡುಗಿತು. ಬಾಗಿಲಲ್ಲಿ ಬಂದು ನಿಂತ ನಾಗಲಿಂಗಮ್ಮನ ಕಡೆ ತಿರುಗಿ, "ಹಲ್ಲಿ ಅಲ್ರಿ ಅಮ್ಮಾರ, ಕಾಯಿ ಕಹಿ ಇತ್ತು. ನನ್ನ ನಾಲಿಗಿ ಸತ್ತು ಎರಡು ವರ್ಷಾತ್ರಿ," ಎಂದಳು.

ಡಾಕ್ಟರು ಹುಡುಗಿಯನ್ನು ಎತ್ತಿಕೊಂಡು ಜೀಪಿನ ಕಡೆ ಓಡಿದರು. ಹಿಂದೆಯೇ ಎಲ್ಲರೂ ಓಡಿದರು. ಸುಂಕಮ್ಮ ಒಬ್ಬಳೇ ಕೋಣೆಯಲ್ಲಿ ಉಳಿದಳು. ಮಂಚದ ಕೆಳಗಿದ್ದ ತಟ್ಟೆಯನ್ನು ಎಳೆದುಕೊಂಡಳು. ಅಂಚಿನಲ್ಲಿ ಒಂದಿಷ್ಟು ಪಲ್ಯದ ರಸ ಉಳಿದಿತ್ತು. ಬೆರಳಲ್ಲಿ ಬಳಿದು ನಾಲಿಗೆಗೆ ಹಚ್ಚಿಕೊಂಡಳು. ನೀರಿನ ಹಾಗೆ ಸಪ್ಪಗಿತ್ತು.