ನೀವು ಎಂದನಲ್ಲ ಓರ್ವೊ

ಖಾಲಿ ಬಾಟಲಿ ನುಂಗಿ ಕಾಸು ಕೊಡುವ ಅಂಗಡಿಯ ಯಂತ್ರ ಬಾಟಲಿಯನ್ನು ಮತ್ತೆ ಉಗುಳಿತು, ಚೀಟಿ ಹರಿದಿದೆಯಂತೆ, ಹರಿದಿದ್ದರೇನು, ಒಳಗೆ ತೆಗೆದುಕೊಳ್ಳೋಕೆ ನಿನಗೇನು ದಾಡಿ, ಐಲಿ ಅದನ್ನೇ ತಿರುಗಿಸಿ ತುರುಕಿದಳು, ಹಿಂದೆ ಖಾಲಿ ಬಾಟಲಿಗಳ ಚೀಲ ಹಿಡಿದು ನಿಂತವನು ಕೆಮ್ಮಿದ, ಕೆಮ್ಮಲಿ — ನೀವು ಎಂದನಲ್ಲ ಓರ್ವೊ, ಈಗಷ್ಟೇ, ಫೋನಿನಲ್ಲಿ, ಕಾಡಲ್ಲಿ ಅಣಬೆ ಹುಡುಕುವವರ ಗುಂಪಿನ ಎಲ್ಲರೆದುರು, ನೀವು ದಯವಿಟ್ಟು ನಿಮ್ಮ ಮಾತಿನ ಮೇಲೆ ಹಿಡಿತವಿಡಿ. ಬ್ಯಾಂಕಿನ ಹುಡುಗಿ ನೀನು ಅನ್ನುತ್ತಾಳೆ, ಪಾದ್ರಿ ನೀನು ಅನ್ನುತ್ತಾನೆ, ಫಿನ್ಲೆಂಡಿನ ಈ ತಾಂಪೆರೆ ಊರಿನಲ್ಲಿ ನೀವು ಅನ್ನಿಸಿಕೊಳ್ಳಬೇಕಾದರೆ ಒಂದೋ ಹಣ್ಣುಹಣ್ಣು ಮುದುಕಿಯಾಗಿರಬೇಕು, ಇಲ್ಲ ಬಾಗಿಲಾಚೆ ನಿಂತಿರಬೇಕು, ಗುಂಪಿನಲ್ಲಂತೂ ಯಾರನ್ನಾದರೂ ಸಾಗಹಾಕುವ ಮುಂಚೆ ಅವರಿಗೆ ನೀವು ಹಚ್ಚುವುದು, ಆ ಪದ್ಧತಿ ತಂದದ್ದೇ ಅವಳೂ ಓರ್ವೊನೂ ಸೇರಿ, ಮರ್ಯಾದೆ ಕೊಟ್ಟು ಕಳಿಸೋಣ ಕಣೇ ಎಂದಿದ್ದ, ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು.

ಅಷ್ಟಕ್ಕೂ ಅವಳು ಮಾಡಿದ್ದೇನು, ವೆನ್ಲಾ ಎಂಬ ಹೊಸಬಳು ಬಿಳಿ ಅಣಬೆಯ ಚಿತ್ರ ಹಾಕಿ, ಎಷ್ಟು ಮುದ್ದಾಗಿದೆ, ಬೆಣ್ಣೇಲಿ ಹುರಿತೀನಿ ಎಂದಳು, ಕಾಂಡದ ಬುಡದಲ್ಲಿ ಚೀಲ, ವಿಷದ ಗುರುತು, ಕಣ್ಣಿಗೆ ಹೊಡೆಯುತ್ತಿದೆ, ತಿಂದವರನ್ನು ಮಣ್ಣು ಮಾಡುವ ಅಣಬೆ, ಕೆಳಗೆ ಆಹಾ ಓಹೋ ಎನ್ನುತ್ತ ಕೂತಿದ್ದಾರೆ ದಂಡಪಿಂಡಗಳು, ಐಲಿ ಬರೆದಳು, ಕಣ್ಣೇನು ಬಾಡಿಗೆಗೆ ಕೊಟ್ಟಿದೀಯೇನೇ, ಬಿಸಾಕು ಅದನ್ನ, ಕೈ ತೊಳ್ಕೊ, ಹುಚ್ಚಿ. ಹುಡುಗಿಗೆ ನೋವಾಯಿತಂತೆ. ನೋವಾಗೋಕೆ ಬದುಕಿದ್ದಾಳಲ್ಲ!

ಓರ್ವೊ ತನಗೆ ಬೈದದ್ದೂ ಇದನ್ನೇ, ಗುಂಪು ಸೇರಿದ ಮೊದಲ ಶರತ್ಕಾಲ, ಅವಳೂ ಇಂಥದೇ ಅಣಬೆಯ ಚಿತ್ರ ಹಾಕಿದ್ದಳು, ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ಬಾಣಲೇನೂ ಬಿಸಾಕು ಮೂದೇವಿ ಎಂದ, ಬಿಸಾಕಿದಳು, ಮುಖ ನೋಡದವನ ಮಾತು ನಂಬಿ, ಇವತ್ತಿಗೂ ನೋಡಿಲ್ಲ, ಆಮೇಲೆ ದಿನಾ ಜಗಳ, ಗಂಡ ಪೌಲಿ ತೀರಿಕೊಂಡಾಗ ಎಲ್ಲರೂ ಮೇಣದಬತ್ತಿಯ ಚಿತ್ರ ಹಾಕಿದರು, ಇವನೊಬ್ಬ, ಅಳ್ತಾ ಬಿದ್ಕೋಬೇಡ ಐಲಿ, ಎದ್ದು ಕಾಡಿಗೆ ಹೋಗು, ಸಂಜೆ ಬುಟ್ಟಿ ತೋರಿಸ್ದೆ ಇದ್ರೆ ನೋಡು ಮತ್ತೆ, ಹೋದಳು, ತೋರಿಸಿದಳು, ಥೂ, ಹುಳ ಹಿಡಿದಿರೋವನ್ನೇ ಹುಡುಕಿ ತಂದಿದೀಯಲ್ಲೇ ಎಂದ, ಆವತ್ತು ಹೊಟ್ಟೆ ತುಂಬ ಉಂಡಳು, ಅಷ್ಟು ದಿನಗಳಲ್ಲಿ ಮೊದಲ ಸಲ, ಮೇಣದಬತ್ತಿಗಳವರು ಈಗ ಎಲ್ಲಿದ್ದಾರೋ, ಉಳಿದದ್ದು ಬೈದವನು, ಅವನೂ ಈಗ — ಹೆಬ್ಬೆರಳು ತಾನೇ ಓಡುತ್ತಿದೆ, ಲೋ ಮುದಿ ಗೂಬೆ, ಗುಂಪಿನ ಯಜಮಾನಿಕೆ ಸಿಕ್ತು ಅಂತ ನಾಲಿಗೆಗೆ ಇಸ್ತ್ರಿ ಹಾಕಿಸ್ಕೊಂಡ್ಯಾ, ಬೈಯೋ ನನ್ನ, ದಮ್ಮಿದ್ರೆ ಬೈ, ಕಳಿಸಿಬಿಟ್ಟಳು, ಸ್ವಲ್ಪ ಬೇಗ ಆಗುತ್ತಾ ಎಂದ ಹಿಂದಿನವನು, ಆಗಲ್ಲ, ಓರ್ವೊ ಬರೆಯುತ್ತಿದ್ದಾನೆ, ನಿಲ್ಲಿಸಿದ, ಮತ್ತೆ ಬರೆಯುತ್ತಿದ್ದಾನೆ, ಬೈತಾನೆ, ಈಗ ಬೈತಾನೆ, ಮೂದೇವಿ ಅಂತಾನೆ, ಅನ್ನೋ, ಒಂದೇ ಒಂದು ಸಲ ಅನ್ನೋ — ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು. ನಿಮ್ಮ. ಅವಳು ಮತ್ತೆ ಓದಿದಳು, ಬೇರೆ ಏನಾದರೂ ಇದೆಯೇನೋ ಎಂದು ಬೆರಳಿನಿಂದ ಮೇಲೆ ಕೆಳಗೆ ಸರಿಸಿದಳು, ಇಲ್ಲ, ನಿಮ್ಮ, ನಿಮ್ಮ, ನೀವು.