ಕಿಟಕಿ ಪಕ್ಕದ ಮಂಚಕ್ಕೆ ಒಂದು ಫೋನು

೧

ಎಲ್ಲಿಂದ ಶುರು ಮಾಡಲಿ? ಪ್ರಾರ್ಥನೆಯಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ, ಹೆಣದಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. ಹಾಗಾಗಿ ಫೋನಿನಿಂದ. ಅದು ಪ್ಲಾಸ್ಟಿಕ್ ಚೀಲದೊಳಗಿದೆ.

ಅದಕ್ಕೆ ಬರುವ ಕರೆಯ ಈ ತುದಿಯಲ್ಲಿ ಸಮಾಧಾನದಕ್ಕ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ರೋಗಿಗಳ ಕೈ ಹಿಡಿದು ಕೂತು ಅವರವರ ದೇವರನ್ನು ಅವರವರ ಮಾತಿನಲ್ಲಿ ಕರೆಯುವುದು ಅವಳ ಉದ್ಯೋಗ. ದೇವರೇ ಬೇಡ ಎನ್ನುವವರ ಹತ್ತಿರ ಮೊಮ್ಮಕ್ಕಳ ಸುದ್ದಿ ಮಾತಾಡುತ್ತಾಳೆ. ಸಾಂಕ್ರಾಮಿಕ ಬಂದ ಮೇಲೆ ಅವಳಿಗೆ ವಾರ್ಡಿನೊಳಗೆ ಪ್ರವೇಶವಿಲ್ಲ. ಗಾಜಿನ ಆಚೆ ನಿಂತು ಫೋನ್ ಮಾಡಿ, ಮನೆಯವರನ್ನೂ ಅದೇ ಕರೆಗೆ ಸೇರಿಸುತ್ತಾಳೆ. ಒಳಗಿನ ನರ್ಸ್ ಚೀಲದ ಫೋನನ್ನು ರೋಗಿಯ ಕಿವಿಗೆ ಹಿಡಿಯುತ್ತಾಳೆ.

೨

(ಇಲ್ಲಿ ಅಕ್ಕನ ಬಾಲ್ಯದ ಬಗ್ಗೆ ಒಂದು ಪ್ಯಾರಾ ಇತ್ತು. ಚೆನ್ನಾಗಿಯೇ ಇತ್ತು. ಅವಳೇ ಹೊಡೆದುಹಾಕಿಸಿದಳು. "ಅಲ್ಲೊಬ್ರು ಉಸಿರಿಗೆ ಒದ್ದಾಡ್ತಿದ್ದಾರೆ, ನಿಮಗೆ ನನ್ನ ಜಡೆ ಎಷ್ಟುದ್ದ ಇತ್ತು ಅನ್ನೋದು ಬೇಕಾ?")

೩

ಆ ಮಧ್ಯಾಹ್ನದ ಕರೆ ಒಬ್ಬ ಬಸ್ ಡ್ರೈವರನ ಮಗಳದು. ಅಪ್ಪ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ವಾರ್ಡಿನಲ್ಲಿ ಎಲ್ಲರೂ ಬೋರಲು ಮಲಗಿದವರೇ, ಮುಖ ಯಾರದೂ ಕಾಣುತ್ತಿರಲಿಲ್ಲ. ಗಾಜಿನಿಂದ ಕಾಣುವ ಜಾಗವೇ ಈಗ ಅಕ್ಕನಿಗೆ ಗುರುತು. "ಕಿಟಕಿ ಪಕ್ಕದವ್ರಿಗೆ ಕೊಡಮ್ಮ" ಎಂದಳು ನರ್ಸ್‌ಗೆ.

"ಅಪ್ಪಾ, ಸುಸ್ತಾಗಿದ್ರೆ ಹೋಗಪ್ಪ," ಎಂದಳು ಮಗಳು. "ನಮ್ಮ ಯೋಚ್ನೆ ಬಿಟ್ಬಿಡು. ಅಮ್ಮನ್ನ ನಾನು ನೋಡ್ಕೋತೀನಿ. ಹೋಗು."

ಮಗಳು ಅತ್ತಳು, ಅಕ್ಕ ಅತ್ತಳು. ನಾನು, ಇದನ್ನು ಬರೆಯುತ್ತಿದ್ದ ಮಹಾನುಭಾವ, ಕಥೆ ಮುಗಿಯಿತೆಂದು ಚಹಾಕ್ಕೆ ಎದ್ದೆ.

೪

ಮತ್ತೆ ಕೂತುಕೊಳ್ಳಬೇಕಾಯಿತು. ಡಾಕ್ಟರು ಹೊರಗೆ ಬಂದು ಅಕ್ಕನಿಗೆ ಹೇಳಿದರು: "ಡ್ರೈವರ್ ಈಗ ಹೋದ್ರು. ಬಾಗಿಲ ಹತ್ರದ ಮಂಚ."

"ಕಿಟಕಿ ಪಕ್ಕದ್ದಲ್ವಾ?"

"ಅಲ್ಲಿ ಆಕ್ಸಿಜನ್ ಪೈಪ್ ಕೈ ಕೊಟ್ಟಿತ್ತು, ಬೆಳಿಗ್ಗೆ ಅವ್ರನ್ನ ಬಾಗಿಲ ಹತ್ರಕ್ಕೆ ಬದಲಾಯಿಸಿದ್ವಿ. ಪೈಪ್ ಸರಿಯಾದ್ಮೇಲೆ ಕಿಟಕಿ ಹತ್ರ ಒಬ್ರು ಟೈಲರ್‌ನ ಮಲಗಿಸಿದೀವಿ. ಅವ್ರು ಪರವಾಗಿಲ್ಲ, ಬದುಕ್ಕೊಳ್ಳಬಹುದು."

ಅಕ್ಕ ಗಾಜಿಗೆ ಹಣೆ ಹಚ್ಚಿ ಕಿಟಕಿ ಪಕ್ಕದ ಮಂಚವನ್ನು ನೋಡಿದಳು. ಕೈ ಹಿಡಿದು ಕೂರುತ್ತಿದ್ದ ಕಾಲದಲ್ಲಿ ಈ ತಪ್ಪು ಸಾಧ್ಯವೇ ಇರಲಿಲ್ಲ.

೫

ಅಂತ್ಯ ಅ: ಅಕ್ಕ ಬಾಯಿ ಬಿಡುವುದಿಲ್ಲ. ಅಪ್ಪ ತನ್ನ ಮಾತು ಕೇಳಿಯೇ ಹೋದರೆಂದು ಮಗಳು ನೆಮ್ಮದಿಯಾಗಿರುತ್ತಾಳೆ.

ಅಂತ್ಯ ಆ: ಡ್ರೈವರ್ ಬದುಕಿಬಿಡುತ್ತಾನೆ. (ಬೈಯಬೇಡಿ. ಬರೆದು ನೋಡಿದೆ, ಅವನು ಏಳಲಿಲ್ಲ.)

"ಅ ಇರ್ಲಿ ಅಕ್ಕ," ಎಂದೆ. "ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಲ್ಲ ಸ್ವಾಮಿ. ನಾಳೆ ಅವ್ಳು, ಅಪ್ಪ ಹೇಗೆ ಕೇಳಿಸ್ಕೊಂಡ್ರು ಅಂದ್ರೆ ಏನು ಹೇಳ್ಲಿ? ನೀವು ಬರ್ಕೊಡ್ತೀರಾ?"

ಬರೆದುಕೊಡುತ್ತಿದ್ದೆ. ನನಗೆ ಅದೇ ಚಾಳಿ.

೬

ಅವಳು ಫೋನ್ ಮಾಡಿದಳು. "ಅಪ್ಪ ಹೋದ್ರಮ್ಮ. ನೀವು ಹೇಳಿದ್ದು ಅವ್ರಿಗೆ ಕೇಳಿಸ್ಲಿಲ್ಲ. ತಪ್ಪು ನಂದೇ. ಬೇರೆಯವ್ರ ಕಿವಿಗೆ ಹಿಡಿಸಿಬಿಟ್ಟೆ."

ಬೈಗುಳಕ್ಕೆಂದು ನಾನು ಎರಡು ಪುಟ ಖಾಲಿ ಬಿಟ್ಟಿದ್ದೆ.

"ಅವ್ರು... ಆ ಬೇರೆಯವ್ರು, ಇದ್ದಾರಾ?"

"ಇದ್ದಾರೆ. ಬದುಕ್ಕೊಳ್ಳಬಹುದು ಅಂದ್ರು ಡಾಕ್ಟ್ರು."

"ಅಯ್ಯೋ!" ಮಗಳು ಚೀರಿದಳು. "ಅವ್ರಿಗೆ ಹೋಗು ಅಂದ್ಬಿಟ್ನಲ್ಲಾ ನಾನು! ಫೋನ್ ಕೊಡಿ ಅವ್ರಿಗೆ. ಈಗ್ಲೇ ಕೊಡಿ!"

ಇದು ನನ್ನ ಯಾವ ಡ್ರಾಫ್ಟಿನಲ್ಲೂ ಇರಲಿಲ್ಲ. ಅಕ್ಕ ಎರಡೂ ಕೈಯಲ್ಲಿ ಗಾಜು ಬಡಿಯುತ್ತಿದ್ದಾಳೆ. ಬಾಗಿಲ ಹತ್ತಿರ ಡ್ರೈವರನ ಮೇಲೆ ಬಟ್ಟೆ ಹೊದಿಸುತ್ತಿದ್ದ ನರ್ಸ್ ತಲೆಯೆತ್ತುತ್ತಾಳೆ. ಟೈಲರ್ ಏನಾದನೆಂದು ನನ್ನನ್ನು ಕೇಳಬೇಡಿ, ಅಂತ್ಯ ಇ ನಾನು ಬರೆಯುವುದಿಲ್ಲ. ನರ್ಸ್ ಇನ್ನೂ ಕಿಟಕಿಯ ಕಡೆ ಹೆಜ್ಜೆಯಿಟ್ಟಿಲ್ಲ, ಫೋನು ಇನ್ನೂ ಯಾರ ಕಿವಿಗೂ ತಲುಪಿಲ್ಲ. ಮಗಳು ಆಗಲೇ ಶುರು ಮಾಡಿಬಿಟ್ಟಿದ್ದಾಳೆ:

"ಹೋಗ್ಬೇಡಿ. ನಾನು ಹೇಳಿದ್ದು ನಿಮಗಲ್ಲ. ಹೋಗ್ಬೇಡಿ. ಕೇಳಿಸ್ತಿದ್ಯಾ? ಹೋಗ್ಬೇಡಿ..."