ಜಡ್ಜ್ ಆಗುವ ಮಗಳು, ಶಾವಿಗೆ ತಿಂದ ಎಮ್ಮೆ

ಕಡಗಂಚಿಯ ಗುರುಬಾಯಿಯ ಮಗಳು ವಿಜಯಶ್ರೀ ಸಿವಿಲ್ ಜಡ್ಜ್ ಪರೀಕ್ಷೆ ಪಾಸಾಗಿದ್ದಳು. ಹೈಕೋರ್ಟಿನ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ದಿನ ಗುರುಬಾಯಿ ಓಣಿಗೆಲ್ಲ ಪೇಢೆ ಹಂಚಿದಳು, ಒಂದು ಮನೆ ಬಿಟ್ಟು. ಆ ಒಂದು ಮನೆಯೇ ಈಗ ಕುತ್ತಿಗೆಗೆ ಬಂತು.

“ಆರ್ಡರ್ ಬರೋಕಿಂತ ಮೊದಲ ಪೊಲೀಸರು ಬರ್ತಾರವ್ವ. ನನ್ನ ನಡತಿ ಹೆಂಗದ ಅಂತ ಮಗ್ಗಲಮನಿಯವರಿಗೆ ಕೇಳ್ತಾರ,” ಎಂದಳು ಮಗಳು.

“ಮಗ್ಗಲಮನಿ ಅಂದ್ರ ಆ ತುಳಜಾಬಾಯೇನ?” ಹಂಚಿನ ಮೇಲಿದ್ದ ರೊಟ್ಟಿ ಸೀದೇ ಹೋಯಿತು. “ಹೈಕೋರ್ಟಿನ ದೊಡ್ಡ ದೊಡ್ಡ ಸಾಹೇಬ್ರು ಆರಿಸಿದ್ದು ಸಾಲಂಗಿಲ್ಲೇನ? ಇನ್ನ ಆಕಿ ಒಪ್ಪಬೇಕೇನ?”

ಅಕ್ಕಪಕ್ಕದ ಎರಡು ಮನೆಗಳ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು. ತುಳಜಾಬಾಯಿ ಹೊರಸಿನ ಮೇಲೆ ಒಣಹಾಕಿದ್ದ ಶಾವಿಗೆಯನ್ನು ಗುರುಬಾಯಿಯ ಎಮ್ಮೆ ತಿಂದಿತ್ತು. ತಿಂದೇ ಇಲ್ಲ, ಗಾಳಿಗೆ ಹಾರಿಹೋಗಿದೆ ಎಂಬುದು ಗುರುಬಾಯಿಯ ವಾದ. ಆಗಿನ್ನೂ ಕಾನೂನು ಓದುತ್ತಿದ್ದ ವಿಜಯಶ್ರೀ ಓಣಿಯವರೆದುರೇ, “ಅವ್ವ, ಎಮ್ಮಿ ಮೂತಿಗಿ ಶಾವಿಗಿ ಹತ್ಯಾದ ನೋಡು,” ಎಂದುಬಿಟ್ಟಿದ್ದಳು. ಹೆತ್ತ ಮಗಳೇ ಹೀಗೆ ಮಾನ ಕಳೆದಳಲ್ಲ ಎಂದು ಗುರುಬಾಯಿ ಎಂಟು ದಿನ ಅವಳೊಂದಿಗೂ ಮಾತು ಬಿಟ್ಟಿದ್ದಳು. ಎಮ್ಮೆಯ ಮೇಲೆ ಮಾತ್ರ ಅವಳಿಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ.

ಕಾರ್ಯವಾಸಿ ಕತ್ತೆ ಕಾಲು ಎಂದುಕೊಂಡು ಗುರುಬಾಯಿ ಶೇಂಗಾ ಹೋಳಿಗೆ ಮಾಡಿ, ಡಬ್ಬಿಗೆ ತುಂಬಿ, ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಬಾಗಿಲಲ್ಲಿ ಮಗಳು ಅಡ್ಡ ನಿಂತಳು.

“ಇದು ಲಂಚ ಅವ್ವ. ಒಳಗ ಇಡು.”

“ಹೋಳಗಿ ಎಲ್ಯಾರ ಲಂಚ ಆಗ್ತದೇನ ಬೇ?”

“ಮೂರು ವರ್ಷ ಕೊಡಲಾರದ್ದು ಇವತ್ತ ಕೊಟ್ರ ಆಗ್ತದ.”

ಇಂಥವಳನ್ನು ಯಾಕಾದರೂ ಹೆತ್ತೆನೋ ಅನಿಸಿತು ಗುರುಬಾಯಿಗೆ. ಸಿಟ್ಟಿಗೆ ಮೂರು ಹೋಳಿಗೆ ತಾನೇ ತಿಂದಳು.

ಮರುದಿನ ಬೆಳಿಗ್ಗೆ ಕಾನ್‌ಸ್ಟೆಬಲ್ ಮಾಳಿಂಗ ಬಂದು ತುಳಜಾಬಾಯಿಯ ಕಟ್ಟೆಯ ಮೇಲೆ ಕೂತು ಕಾಗದ ತೆಗೆದ. ತಾಯಿ ಮಗಳು ಗಿಡ್ಡ ಗೋಡೆಯ ಈಚೆ ನಿಂತರು.

“ಹುಡುಗಿ ಹೆಂಗ್ರಿ ಯವ್ವಾ?”

“ಆ ಮನಿಯಾಗ ಅಕಿ ಒಬ್ಬಾಕೀನೇ ಖರೇ ಮಾತಾಡ್ತಾಳ್ರಿ ಸಾಹೇಬ್ರ,” ಎಂದಳು ತುಳಜಾಬಾಯಿ, ಗೋಡೆಯಾಚೆಗೂ ಮುಟ್ಟುವಂತೆ. “ಯಾರ ಮುಲಾಜೂ ಇಡಂಗಿಲ್ರಿ. ತಮ್ಮ ಎಮ್ಮೀನೇ ನನ್ನ ಶಾವಿಗಿ ತಿಂದದ ಅಂತ ಹಡದವ್ವನ ಮಾರಿ ಮ್ಯಾಲೇ ಹೇಳಿದಾಕಿ.”

ಮಾಳಿಂಗ ಬರೆದು ಮುಗಿಸಿ, ಸಹಿಗೆಂದು ಕಾಗದ ಪೆನ್ನು ತುಳಜಾಬಾಯಿಗೆ ಕೊಟ್ಟು ಗುರುಬಾಯಿಯತ್ತ ತಿರುಗಿದ. “ಖರೇ ಏನ್ರಿ? ಎಮ್ಮಿ ತಿಂದಿತ್ತೇನು?”

ಇಲ್ಲ ಎಂದರೆ ಮಗಳು ಸುಳ್ಳಿಯಾಗುತ್ತಾಳೆ. ಹೌದು ಎಂದರೆ ಮೂರು ವರ್ಷದ ಹಟ ನೀರುಪಾಲು. ಗುರುಬಾಯಿ ಮಗಳ ಮುಖ ನೋಡಿದಳು. ಅಷ್ಟು ಜನರೆದುರು ಒಬ್ಬಳೇ ನಿಂತು ನಿಜ ಹೇಳಿದ್ದಳಲ್ಲ ಈ ಹುಡುಗಿ, ಎಂದು ಅಭಿಮಾನ ಉಕ್ಕಿತು. ಆ ಭರದಲ್ಲಿ ಬೇಕಾದದ್ದಕ್ಕಿಂತ ಹೆಚ್ಚೇ ಹೊರಬಂತು.

“ತಿಂದದ್ರಿ. ಎರಡ ಸಲ ತಿಂದದ.”

ಸಹಿ ಮಾಡಿ ಮುಗಿಸಿದ್ದ ತುಳಜಾಬಾಯಿ ಪೆನ್ನು ಹಿಡಿದೇ ಎದ್ದು ನಿಂತಳು. “ಎರಡನೇದು ನನಗ ಗೊತ್ತೇ ಇದ್ದಿಲ್ಲ! ಅದನ್ನೂ ಬರಕೋರಿ ಸಾಹೇಬ್ರ!”

“ನಾ ಎಮ್ಮಿ ನಡತಿ ಕೇಳಾಕ ಬಂದಿಲ್ರಿ ಯವ್ವಾ,” ಎಂದು ಮಾಳಿಂಗ ಕಾಗದ ಮಡಚಿದ.

ತುಳಜಾಬಾಯಿ ವಿಜಯಶ್ರೀಯತ್ತ ತಿರುಗಿದಳು. “ಹಂಗಾದ್ರ ನೀನೇ ನ್ಯಾಯ ಹೇಳವ್ವ, ಜಡ್ಜಮ್ಮ.”

“ಈ ಕೇಸು ನಾ ಕೇಳಾಕ ಬರಂಗಿಲ್ಲ ಚಿಗವ್ವ,” ಎಂದಳು ವಿಜಯಶ್ರೀ. “ಎಮ್ಮಿ ನಮ್ಮದದ.”